ತೆರೆಯ ಹಿಂದಿನ ಕೆಲಸ ಎಲ್ಲಿ ಕಲಿಯೋದು? ಕಮ್ಯೂನಿಟಿ ಕಾಲೇಜು ಮತ್ತು ಉಳಿದ ದಾರಿಗಳು

ಹೋದ ಯುಗಾದಿಯ ನಾಟಕ ಆಗಷ್ಟೇ ಮುಗಿದಿತ್ತು. ವಾಂಗಿಬಾತ್ ತಟ್ಟೆ ಕೈಗೆ ಬರುವ ಮೊದಲೇ ಗೆಳೆಯನೊಬ್ಬ ತೋಳು ಹಿಡಿದು ಮೂಲೆಗೆ ಎಳೆದ. "ಮಗಳು ಕಾಲೇಜಲ್ಲಿ ನಾಟಕ ಓದ್ತೀನಿ ಅಂತಿದ್ದಾಳೆ ಕಣೋ. ಆಕ್ಟಿಂಗ್ ಆದ್ರೂ ಅಲ್ಲ, ಲೈಟಂತೆ! ಅವಳ ತಲೆ ಕೆಡಿಸಿದ್ದು ನೀನು. ಈಗ ದಾರೀನೂ ನೀನೇ ತೋರಿಸು."

ಆರೋಪ ಪೂರ್ತಿ ಸುಳ್ಳಲ್ಲ. ಹಗಲು ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಹತ್ತು ಹನ್ನೆರಡು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ನಾಟಕಗಳಿಗೆ ಬೆಳಕು ಮಾಡುತ್ತಿದ್ದೇನೆ. ಆ ಹುಡುಗಿ ಎಂಟನೇ ಕ್ಲಾಸಿನಿಂದ ನನ್ನ ಪಕ್ಕ ಕೂತು ಕ್ಯೂ (ಬೆಳಕು ಯಾವಾಗ ಬದಲಾಗಬೇಕು ಅನ್ನುವ ಗುರುತು) ಓದಿದವಳು. ಆಮೇಲೆ ಇದೇ ಪ್ರಶ್ನೆ ಇನ್ನೂ ಮೂರು ಮನೆಗಳಿಂದ ಬಂತು. ಎಲ್ಲರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ನನಗೆ ಗೊತ್ತಿರುವುದು ಕ್ಯಾಲಿಫೋರ್ನಿಯಾ. ಬೇರೆ ರಾಜ್ಯದವರು ಫೀಸಿನ ಲೆಕ್ಕ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬಹುದು.

ಮೊದಲು ಏನನ್ನು ಅಳೆಯಬೇಕು

ಟೆಕ್ನಿಕಲ್ ಥಿಯೇಟರ್ ಅಂದರೆ ಲೈಟ್, ಸೌಂಡ್, ಸೆಟ್ ಕಟ್ಟೋದು, ಉಡುಪು, ಪ್ರಸಾಧನ, ಸ್ಟೇಜ್ ಮ್ಯಾನೇಜ್‌ಮೆಂಟ್ ಎಲ್ಲ ಸೇರಿದ ಓದು. ಓದು ಅನ್ನುವುದಕ್ಕಿಂತ ಕೈಕೆಲಸ ಅನ್ನಬೇಕು. ನನ್ನದೇ ಕಥೆ ಕೇಳಿ. ಶುರುವಿನಲ್ಲಿ ಯೂಟ್ಯೂಬ್ ನೋಡಿ ಎಲ್ಲ ಕಲಿತುಬಿಟ್ಟೆ ಅಂದುಕೊಂಡಿದ್ದೆ. ಒಂದು ಐತಿಹಾಸಿಕ ನಾಟಕದ ಕೊನೆಯ ದೃಶ್ಯ. ರಾಜನಿಗೆ ಬಾಣ ತಗುಲಬೇಕು, ಅವನು ನಾಲ್ಕು ಮಾತು ಆಡಬೇಕು, ಆಮೇಲೆ ನಿಧಾನವಾಗಿ ಕತ್ತಲು. ಗಾಬರಿಯಲ್ಲಿ ನಾನು 'ಗೋ' ಬಟನ್ (ಒಂದು ಸಲ ಒತ್ತಿದರೆ ಮುಂದಿನ ಕ್ಯೂಗೆ ಹೋಗುತ್ತದೆ) ಎರಡು ಸಲ ಒತ್ತಿಬಿಟ್ಟೆ. ರಾಜ ಕತ್ತಲಲ್ಲೇ ನಾಲ್ಕು ಮಾತು ಹೇಳಿ ಕತ್ತಲಲ್ಲೇ ಸತ್ತ.

ಮುಂದಿನ ಸೆಮಿಸ್ಟರ್‌ಗೆ ಹತ್ತಿರದ ಕಮ್ಯೂನಿಟಿ ಕಾಲೇಜಿನ (ಕಡಿಮೆ ಫೀಸಿನ, ಎರಡು ವರ್ಷದ ಸರಕಾರಿ ಕಾಲೇಜು) ಸಂಜೆಯ ಲೈಟಿಂಗ್ ಕ್ಲಾಸಿಗೆ ಸೇರಿದೆ. ಮೂರನೇ ವಾರಕ್ಕೇ ಮೇಷ್ಟ್ರು ಬೆಳಕು ನಿಯಂತ್ರಿಸುವ ಬೋರ್ಡ್ ಮುಂದೆ ಕೂರಿಸಿದರು. ಸ್ಟೇಜ್ ಮ್ಯಾನೇಜರ್ ಹೆಡ್‌ಸೆಟ್‌ನಲ್ಲಿ 'ಸ್ಟ್ಯಾಂಡ್‌ಬೈ' ಅಂದಾಗ ಬೆರಳು ಬಟನ್ ಹತ್ತಿರ ಬರಬೇಕು. 'ಗೋ' ಅಂದಾಗ ಒತ್ತಬೇಕು. ಒತ್ತಿದ ಕೂಡಲೇ ಕೈ ವಾಪಸ್ ತೊಡೆಯ ಮೇಲೆ. ಒಂದು ಗಂಟೆ ಇದನ್ನೇ ಮಾಡಿಸಿದರು. ಕೈಯನ್ನು ತೊಡೆಯ ಮೇಲೆ ಇಡೋದನ್ನು ನನಗೆ ಯಾವ ವಿಡಿಯೋನೂ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ನನ್ನ ಮೊದಲ ಅಳತೆ ಇದು: ಸೇರಿದ ಎಷ್ಟು ವಾರಕ್ಕೆ ನಿಜವಾದ ಸಾಮಾನು ಕೈಗೆ ಸಿಗುತ್ತದೆ? ವರ್ಷಕ್ಕೆ ಎಷ್ಟು ನಾಟಕಗಳಲ್ಲಿ ಜವಾಬ್ದಾರಿಯ ಕೆಲಸ ಕೊಡುತ್ತಾರೆ? ಕಾಲೇಜಿನ ಹೆಸರು, ಕಟ್ಟಡದ ಚೆಂದ, ವೆಬ್‌ಸೈಟಿನ ಫೋಟೋ ಎಲ್ಲ ಆಮೇಲೆ.

ಎರಡನೆಯದು ದುಡ್ಡು. ಫೀಸು ಮಾತ್ರ ನೋಡಬೇಡಿ. ಬಾಡಿಗೆ, ಊಟ, ಕಾರು ಸೇರಿಸಿ ನೋಡಿ. ಮೂರನೆಯದು, ಮುಂದಿನ ಮೆಟ್ಟಿಲು: ನಾಲ್ಕು ವರ್ಷದ ಡಿಗ್ರಿಗೆ ಹೋಗಬೇಕಾ, ಬೇಗ ಸಂಬಳ ಬೇಕಾ? ನಾಲ್ಕನೆಯದನ್ನು ಬೇರೆ ಯಾರೂ ಹೇಳುವುದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಎಲ್ಲ ತೀರ್ಮಾನವೂ ಅಲ್ಲಿಗೇ ಬಂದು ನಿಲ್ಲುತ್ತದೆ. ವೀಸಾ.

ಇನ್ನೊಂದು ಮಾತನ್ನು ಮಗುವಿನ ಹತ್ತಿರವೇ ಕೇಳಬೇಕು. ವಿನ್ಯಾಸ ಮಾಡಬೇಕಾ, ಅಥವಾ ಕಟ್ಟಿ ನಡೆಸಬೇಕಾ? ಬೆಳಕು ಎಲ್ಲಿಂದ, ಯಾವ ಬಣ್ಣದಲ್ಲಿ ಬರಬೇಕು ಅಂತ ಯೋಚಿಸುವವರು ಡಿಸೈನರ್. ಅದನ್ನು ಏರಿಸಿ, ಕಟ್ಟಿ, ವೈರ್ ಎಳೆದು, ಪ್ರತಿ ರಾತ್ರಿ ಒಂದೇ ಥರ ನಡೆಸುವವರು ಟೆಕ್ನಿಷಿಯನ್. ಒಂದು ಹೆಚ್ಚು, ಒಂದು ಕಮ್ಮಿ ಅಂತೇನಿಲ್ಲ. ದಾರಿ ಮಾತ್ರ ಬೇರೆ. ಹದಿನೆಂಟು ವರ್ಷಕ್ಕೆ ಇದು ಗೊತ್ತಿಲ್ಲದಿದ್ದರೆ ಅದೇನೂ ತಪ್ಪಲ್ಲ. ಮನೆಯವರು ಮೊದಲೇ ದೊಡ್ಡ ದುಡ್ಡು ಹಾಕಬಾರದು, ಅಷ್ಟೆ.

ಕಮ್ಯೂನಿಟಿ ಕಾಲೇಜು

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಎಲ್ಲದರಲ್ಲೂ ನಾಟಕ ವಿಭಾಗ ಇಲ್ಲ. ಇದ್ದರೂ ತೆರೆಯ ಹಿಂದಿನ ಕೆಲಸಕ್ಕೇ ಅಂತ ಪ್ರತ್ಯೇಕ ಸರ್ಟಿಫಿಕೇಟ್ ಕೊಡುವವು ಇನ್ನೂ ಕಮ್ಮಿ. ನಮ್ಮ ಕಡೆ ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜಿನಲ್ಲಿ ಥಿಯೇಟರ್ ಟೆಕ್ನಾಲಜಿ ಅಂತಲೇ ಓದಬಹುದು. ದಕ್ಷಿಣದಲ್ಲಿ ಲಾಸ್ ಏಂಜಲೀಸ್ ಸಿಟಿ ಕಾಲೇಜಿನ ಥಿಯೇಟರ್ ಅಕಾಡೆಮಿ ಹಳೆಯದು, ಹೆಸರುವಾಸಿ.

ಫೀಸಿನ ಲೆಕ್ಕ ಸುಲಭ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ (ಓದನ್ನು ಅಳೆಯುವ ಕ್ರೆಡಿಟ್) 46 ಡಾಲರ್. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯೂನಿಟ್, ಅಂದರೆ ಒಟ್ಟು 2,760 ಡಾಲರ್. ಫುಟ್‌ಹಿಲ್, ಡಿ ಆಂಜಾದಂಥ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಯೂನಿಟ್ಟಿಗೆ 31 ಡಾಲರ್, 90 ಯೂನಿಟ್, ಒಟ್ಟು 2,790. ಆದಾಯ ಕಮ್ಮಿ ಇರುವ ಮನೆಗಳಿಗೆ ಪ್ರಾಮಿಸ್ ಗ್ರ್ಯಾಂಟ್ ಅಂತ ಇದೆ, ಈ ಫೀಸೂ ಮಾಫಿ. ಮೊದಲ ಸಲ ಕಾಲೇಜಿಗೆ ಬಂದು ಪೂರ್ತಿ ಹೊತ್ತು ಓದುವವರಿಗೆ ಎರಡು ವರ್ಷ ಫೀಸೇ ತೆಗೆದುಕೊಳ್ಳದ ಕಾಲೇಜುಗಳೂ ಸಾಕಷ್ಟಿವೆ. ಮನೆಯಲ್ಲೇ ಇದ್ದು ಅಮ್ಮನ ಕೈ ಸಾರು ಉಂಡು ಹೋಗಿಬಂದರೆ ಬಾಡಿಗೆಯೂ ಉಳಿಯಿತು. ಇದರ ಮೇಲೆ ಕರಿ ಬಟ್ಟೆ, ಗಟ್ಟಿ ಶೂ, ಕೈಗವಸು, ಒಂದು ಒಳ್ಳೇ ಸ್ಪ್ಯಾನರ್.

ಆ ಸ್ಪ್ಯಾನರ್ ಬಗ್ಗೆ ಹೇಳಲೇಬೇಕು. ಅದಕ್ಕೊಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ಮಣಿಕಟ್ಟಿಗೋ ಬೆಲ್ಟಿಗೋ ಕಟ್ಟಿಕೊಳ್ಳದೆ ಏಣಿ ಹತ್ತಲು ಬಿಡುವುದಿಲ್ಲ. ಇಪ್ಪತ್ತು ಅಡಿ ಮೇಲಿಂದ ಸ್ಪ್ಯಾನರ್ ಬಿದ್ದರೆ ಕೆಳಗಿನವರ ಗತಿ? ಮೇಲೆ ಪೈಪಿಗೆ ನೇತುಹಾಕಿದ, ಸೋರ್ಸ್ ಫೋರ್ ಅನ್ನುವ ರಂಗದ ಲೈಟ್. ಮೊದಲು ಕ್ಲ್ಯಾಂಪ್ ಬಿಗಿ, ಆಮೇಲೆ ಸೇಫ್ಟಿ ಕೇಬಲ್, ಆಮೇಲೆ ಪ್ಲಗ್. ಹತ್ತು ನಿಮಿಷ ಉರಿದರೆ ಅದರ ಮೈ ಕಾದ ಕಾವಲಿ. ಆ ಬಿಸಿಯಲ್ಲೇ ನಾಲ್ಕು ಶಟರ್ ಎಳೆದು, ಬೆಳಕಿನ ಅಂಚು ಪರದೆಯ ಮೇಲೆ ಬೀಳದ ಹಾಗೆ ಕತ್ತರಿಸಬೇಕು. ಕೆಳಗೆ ನಿಂತವರು "ಇನ್ನೊಂಚೂರು, ಇನ್ನೊಂಚೂರು, ನಿಲ್ಸು" ಅಂತಿರುತ್ತಾರೆ. ನನ್ನ ಕ್ಲಾಸಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಮೊದಲ ತಿಂಗಳೇ ಇದನ್ನು ಮಾಡಿದಳು. ಅರವತ್ತು ದಾಟಿದ ನಿವೃತ್ತ ಬಡಗಿಯೊಬ್ಬರು ಕೆಳಗೆ ಏಣಿ ಹಿಡಿದಿದ್ದರು. ಕಮ್ಯೂನಿಟಿ ಕಾಲೇಜಿನ ಸೊಗಸು ಇದು. ವಿದ್ಯಾರ್ಥಿಗಳು ಕಮ್ಮಿ, ಕೆಲಸ ಜಾಸ್ತಿ, ಸರದಿ ಬೇಗ ಬರುತ್ತದೆ. ನಾಟಕಕ್ಕೆ ದುಡಿದದ್ದಕ್ಕೂ ಯೂನಿಟ್ ಸಿಗುತ್ತದೆ. ಮೇಷ್ಟ್ರಲ್ಲಿ ಅನೇಕರು ಊರಿನ ಥಿಯೇಟರ್‌ಗಳಲ್ಲಿ ಕೆಲಸ ಮಾಡಿಕೊಂಡೇ ಇಲ್ಲಿ ಕಲಿಸುವವರು. ಮೊದಲ ಕೆಲಸಕ್ಕೆ ಅವರ ಒಂದು ಫೋನ್ ಸಾಕು.

ಕೊರತೆಗಳೂ ಸಣ್ಣವಲ್ಲ. ಬಹಳ ಕಡೆ ಇಡೀ ವಿಭಾಗ ಒಬ್ಬರ ಹೆಗಲ ಮೇಲೆ ನಿಂತಿರುತ್ತದೆ. ಅವರು ನಿವೃತ್ತರಾದರೆ ಮುಂದಿನ ವರ್ಷ ಏನಾಗುತ್ತೋ ಹೇಳಲಾಗದು. ಸಾಕಷ್ಟು ಮಂದಿ ಸೇರದಿದ್ದರೆ ಸೌಂಡ್ ಕ್ಲಾಸೋ ಡ್ರಾಫ್ಟಿಂಗ್ ಕ್ಲಾಸೋ ಆ ಟರ್ಮ್ ನಡೆಯುವುದೇ ಇಲ್ಲ, ಎರಡು ವರ್ಷದ ಓದು ಮೂರಾಗುತ್ತದೆ. ಕೆಲವು ಕಡೆ ಬೋರ್ಡ್ ಹೊಸದು, ಕೆಲವು ಕಡೆ ಅಜ್ಜನ ಕಾಲದ್ದು. ಇನ್ನೂ ಒಂದು: ಇಲ್ಲಿ ಬೆನ್ನು ಹತ್ತಿ ಓದಿಸುವವರು ಯಾರೂ ಇಲ್ಲ. ತಾನಾಗಿ ಹೋಗಿ "ಕೆಲಸ ಕೊಡಿ" ಅಂತ ಕೇಳುವ ಮಗುವಿಗೆ ಇದು ಚಿನ್ನದ ಗಣಿ. ಕೇಳದೆ ಕೂರುವ ಮಗುವಿಗೆ ಸುಮ್ನೆ ಎರಡು ವರ್ಷ ಕಳೆದುಹೋಗುತ್ತದೆ.

ಟ್ರಾನ್ಸ್‌ಫರ್ ವಿಷಯದಲ್ಲಿ, ಅಂದರೆ ಇಲ್ಲಿಂದ ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋಗುವಾಗ, ಮೊದಲೇ ಎಚ್ಚರ ಇರಲಿ. ಥಿಯೇಟರ್ ಆರ್ಟ್ಸ್‌ನಲ್ಲಿ ಟ್ರಾನ್ಸ್‌ಫರ್‌ಗೆಂದೇ ಇರುವ ಅಸೋಸಿಯೇಟ್ ಡಿಗ್ರಿ ಮಾಡಿದರೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಲ್ಲೋ ಒಂದು ಕಡೆ ಮೂರನೇ ವರ್ಷಕ್ಕೆ ಜಾಗ ಗ್ಯಾರಂಟಿ. ಬರೀ ಟೆಕ್ ಸರ್ಟಿಫಿಕೇಟ್ ಮಾಡಿದರೆ ಆ ಗ್ಯಾರಂಟಿ ಇಲ್ಲ. ಯಾವ ಕ್ಲಾಸು ಎಲ್ಲಿ ಎಣಿಕೆಗೆ ಬರುತ್ತದೆ ಅಂತ ರಾಜ್ಯದ ಅಸಿಸ್ಟ್ ತಾಣದಲ್ಲಿ ನೋಡಬಹುದು. ಮೊದಲ ಟರ್ಮ್‌ನಲ್ಲೇ ನೋಡಿ. ಮುಗಿದ ಮೇಲೆ ನೋಡಿ ತಲೆ ಚಚ್ಚಿಕೊಂಡವರನ್ನು ಕಂಡಿದ್ದೇನೆ.

ಅದೇ ಕಮ್ಯೂನಿಟಿ ಕಾಲೇಜು, ಇನ್ನೊಂದು ಅವತಾರ

ಸ್ಯಾನ್ ಫ್ರಾನ್ಸಿಸ್ಕೋಗೂ ಲಾಸ್ ಏಂಜಲೀಸ್‌ಗೂ ನಡುವೆ ಸಾಂಟಾ ಮರಿಯಾ ಅನ್ನುವ ಊರಿದೆ. ಅಲ್ಲಿನ ಆಲನ್ ಹ್ಯಾನ್‌ಕಾಕ್ ಕಮ್ಯೂನಿಟಿ ಕಾಲೇಜಿನೊಳಗೆ 1964ರಿಂದ ಒಂದು ವೃತ್ತಿಪರ ನಾಟಕ ಕಂಪನಿ ನಡೆಯುತ್ತಿದೆ. ಪೆಸಿಫಿಕ್ ಕನ್ಸರ್ವೇಟರಿ, ಎಲ್ಲರ ಬಾಯಲ್ಲಿ ಪಿಸಿಪಿಎ. ಸಾಂಟಾ ಮರಿಯಾದಲ್ಲಿ ಒಳಾಂಗಣ ಥಿಯೇಟರ್, ಹತ್ತಿರದ ಸಾಲ್ವಾಂಗ್‌ನಲ್ಲಿ ಬೇಸಿಗೆಗೆ ಬಯಲು ರಂಗಮಂದಿರ. ಟೆಕ್ ವಿದ್ಯಾರ್ಥಿಗಳು ಸಂಬಳದ ಕಲಾವಿದರ ಜೊತೆಯಲ್ಲೇ, ಟಿಕೆಟ್ ಕೊಟ್ಟು ಬರುವ ಪ್ರೇಕ್ಷಕರಿಗಾಗಿ ಕೆಲಸ ಮಾಡುತ್ತಾರೆ. ನಮ್ಮ ವೃತ್ತಿ ಕಂಪನಿಗಳಲ್ಲಿ ಹುಡುಗರು ಪರದೆ ಎಳೆಯುತ್ತಾ, ಬಣ್ಣ ಕಲೆಸುತ್ತಾ ಕಲಿತ ಹಾಗೆ.

ಕೈಗೆ ಸಾಮಾನು ಸಿಗುವ ಅಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಮಗು ಮನೆ ಬಿಟ್ಟು ಹೋಗಬೇಕು, ಬಾಡಿಗೆ ಕಟ್ಟಬೇಕು. ಬೆಳಗಿನಿಂದ ರಾತ್ರಿವರೆಗೆ ನಾಟಕವೇ ಆದ್ದರಿಂದ ಟ್ರಾನ್ಸ್‌ಫರ್‌ಗೆ ಬೇಕಾದ ಗಣಿತ, ಇತಿಹಾಸಕ್ಕೆ ಹೊತ್ತು ಹುಟ್ಟುವುದಿಲ್ಲ. ಇನ್ನೂ ಅನುಮಾನದಲ್ಲಿರುವವರಿಗೆ ಇದು ಬೇಡ. ಖಾತ್ರಿ ಇರುವವರಿಗೆ ಬಹಳ ಒಳ್ಳೆಯದು.

ನಾಲ್ಕು ವರ್ಷದ ಯೂನಿವರ್ಸಿಟಿ

ಅಪ್ಪ ಅಮ್ಮಂದಿರ ಮನಸ್ಸು ಇಲ್ಲೇ ಇರುತ್ತದೆ, ಗೊತ್ತು. ಡಿಗ್ರಿ ಅಂದರೆ ಡಿಗ್ರಿ ಅಲ್ವಾ.

ಕ್ಯಾಲ್ ಸ್ಟೇಟ್‌ಗಳಲ್ಲಿ ವರ್ಷಕ್ಕೆ ಟ್ಯೂಷನ್ ಆರು ಸಾವಿರ ಡಾಲರ್ ದಾಟಿದೆ, ವರ್ಷವರ್ಷವೂ ಏರುತ್ತಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯುಸಿ) ಅದರ ಎರಡು ಪಟ್ಟಿಗೂ ಮೇಲೆ. ಕ್ಯಾಲ್‌ಆರ್ಟ್ಸ್‌ನಂಥ ಖಾಸಗಿ ಕಲಾ ಶಾಲೆಯಲ್ಲಿ ಟ್ಯೂಷನ್ನೇ ಐವತ್ತು ಸಾವಿರ ದಾಟುತ್ತದೆ. ಇವೆಲ್ಲ ಹಾಸ್ಟೆಲ್, ಊಟ ಬಿಟ್ಟು.

ಬಿಎ ಮತ್ತು ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಒಂದೇ ಅಲ್ಲ. ಬಿಎಯಲ್ಲಿ ನಾಟಕದ ಜೊತೆ ಬೇರೆ ವಿಷಯಗಳಿಗೂ ಜಾಗ ಇದೆ. ಜೊತೆಗೊಂದು ಕಂಪ್ಯೂಟರ್ ಸೈನ್ಸ್ ಮೈನರ್ ಮಾಡಿಸಿ ಮನೆಯಲ್ಲಿ ಶಾಂತಿ ಕಾಪಾಡಿಕೊಂಡ ಕುಟುಂಬಗಳೂ ಇವೆ. ಬಿಎಫ್‌ಎ ಪೂರ್ತಿ ವೃತ್ತಿಯ ತರಬೇತಿ. ಅಲ್ಲಿ ನಾಲ್ಕು ವರ್ಷದ ಪಾಠ ಒಂದರ ಮೇಲೊಂದು ಕಟ್ಟಿರುತ್ತದೆ. ಹಾಗಾಗಿ ಕಮ್ಯೂನಿಟಿ ಕಾಲೇಜಿನಿಂದ ಹೋದರೂ ಅನೇಕ ಕಡೆ ಮೊದಲ ಅಥವಾ ಎರಡನೇ ವರ್ಷದಿಂದ ಶುರು ಮಾಡು ಅನ್ನುತ್ತಾರೆ. ಉಳಿಸಿದ ದುಡ್ಡಿನ ಒಂದು ಪಾಲು ಅಲ್ಲಿ ಹೋಯಿತು.

ಸಿಗುವುದೇನು? ವಿನ್ಯಾಸದ ಗಟ್ಟಿ ಪಾಠ, ಡ್ರಾಯಿಂಗ್, ಇತಿಹಾಸ, ದೊಡ್ಡ ಬಜೆಟ್ಟಿನ ಸೆಟ್, ಮುಂದೆ ಇಪ್ಪತ್ತು ವರ್ಷ ಕೆಲಸಕ್ಕೆ ಕರೆಯುವ ಸಹಪಾಠಿಗಳು. ಡಿಸೈನರ್ ಆಗಬೇಕು ಅಂತ ಖಚಿತವಾಗಿ ಇರುವವರಿಗೆ ಈ ಕೊನೆಯದೇ ಮುಖ್ಯ. ಪಿಟ್ಸ್‌ಬರ್ಗ್‌ನ ಕಾರ್ನಗಿ ಮೆಲನ್, 1914ರಲ್ಲಿ ಈ ದೇಶದ ಮೊದಲ ನಾಟಕ ಡಿಗ್ರಿ ಓದು ಶುರುವಾದ ಜಾಗ, ಇವತ್ತಿಗೂ ಹೆಸರು ಉಳಿಸಿಕೊಂಡಿದೆ.

ಒಂದು ತಗಾದೆ ಇದೆ. ಯುಸಿ ಸ್ಯಾನ್ ಡಿಯೇಗೋ, ಯುಸಿ ಅರ್ವೈನ್‌ನಂಥ ಕಡೆ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಓದುವ ವಿದ್ಯಾರ್ಥಿಗಳು ಇರುತ್ತಾರೆ. ದೊಡ್ಡ ನಾಟಕಗಳ ಡಿಸೈನ್ ಸಹಜವಾಗಿ ಮೊದಲು ಅವರಿಗೆ. ಅಂಥ ಜಾಗದಲ್ಲಿ ಬಿಎ ಓದುವ ಮಗು ಮೊದಲ ಎರಡು ವರ್ಷ ಕೇಬಲ್ ಸುತ್ತುತ್ತಲೇ ಇರಬಹುದು. ಕೇಬಲ್ ಸುತ್ತೋದೂ ಕಲಿಯಬೇಕಾದ್ದೇ, ಆದರೆ ವರ್ಷಕ್ಕೆ ಹದಿನಾಲ್ಕು ಸಾವಿರ ಕೊಟ್ಟು ಅಲ್ಲ. ಭೇಟಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ಹೋದ ವರ್ಷ ಮೇನ್ ಸ್ಟೇಜಿನಲ್ಲಿ ಎಷ್ಟು ನಾಟಕಕ್ಕೆ ಬ್ಯಾಚುಲರ್ಸ್ ವಿದ್ಯಾರ್ಥಿಗಳು ಡಿಸೈನ್ ಮಾಡಿದರು?"

ನೇರವಾಗಿ ಕೆಲಸಕ್ಕೆ

ರಂಗದ ಹಿಂದೆ ದುಡಿಯುವವರ ಯೂನಿಯನ್ ಐಎಟಿಎಸ್‌ಇ. 1893ರಿಂದ ಇದೆ. ಅದರ ಶಾಖೆಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೋಕಲ್ 16, ಸ್ಯಾನ್ ಹೋಸೆಯಲ್ಲಿ ಲೋಕಲ್ 134. ಡಿಗ್ರಿ ಯಾರೂ ಕೇಳುವುದಿಲ್ಲ. ಕೆಲಸ ಜಾಸ್ತಿ ಬಂದು ಸದಸ್ಯರು ಸಾಲದಾದಾಗ ಹೊರಗಿನವರನ್ನು ಕರೆಯುತ್ತಾರೆ, ಅದಕ್ಕೆ ಓವರ್‌ಹೈರ್ ಅನ್ನುತ್ತಾರೆ. ಬಂದವರು ಹೊತ್ತಿಗೆ ಸರಿಯಾಗಿ ಬಂದರೆ, ಫೋನ್ ಜೇಬಿನಲ್ಲಿಟ್ಟು ಕೆಲಸ ಮಾಡಿದರೆ ಮತ್ತೆ ಕರೆ ಬರುತ್ತದೆ. ಒಳಗೆ ಸೇರಿಕೊಂಡರೆ ಒಳ್ಳೇ ಕೂಲಿ, ಆರೋಗ್ಯ ವಿಮೆ, ಪಿಂಚಣಿ.

ಅಪ್ಪಂದಿರು ಕಿವಿ ನೆಟ್ಟಗೆ ಮಾಡುವ ಸಂಗತಿ ಒಂದಿದೆ. ಈ ಊರಲ್ಲಿ ಲೈಟ್, ಸೌಂಡ್ ಗೊತ್ತಿರುವವರಿಗೆ ನಾಟಕದವರು ಮಾತ್ರ ಕೆಲಸ ಕೊಡುತ್ತಾರೆ ಅಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನ ಭವನ ಮಾಸ್ಕೋನಿ ಸೆಂಟರ್‌ನಲ್ಲಿ ನಮ್ಮದೇ ಸಾಫ್ಟ್‌ವೇರ್ ಕಂಪನಿಗಳ ಸಮ್ಮೇಳನ ನಡೆದಾಗ ವೇದಿಕೆ ಕಟ್ಟುವವರೂ ಇವರೇ. ಹಲವರು ಕಂಪನಿ ಕಾರ್ಯಕ್ರಮಗಳಲ್ಲಿ ಬಾಡಿಗೆ ಸಂಪಾದಿಸಿ, ನಾಟಕದಲ್ಲಿ ಮನಸ್ಸು ತುಂಬಿಸಿಕೊಳ್ಳುತ್ತಾರೆ.

ಕಷ್ಟ ಏನೆಂದರೆ ಕೆಲಸ ಒಂದೇ ಸಮ ಇರುವುದಿಲ್ಲ. ಒಂದು ವಾರ ಎಪ್ಪತ್ತು ಗಂಟೆ, ಮುಂದಿನ ಎರಡು ವಾರ ಖಾಲಿ. ಬೆನ್ನು, ಮೊಣಕಾಲು ಗಟ್ಟಿ ಇರಬೇಕು. ಏನೂ ಗೊತ್ತಿಲ್ಲದೆ ಹೋದವರಿಗೆ ಪೆಟ್ಟಿಗೆ ತಳ್ಳುವ ಕೆಲಸವೇ ವರ್ಷಗಟ್ಟಲೆ ಸಿಗಬಹುದು. ಅದಕ್ಕೇ ಒಂದೆರಡು ವರ್ಷ ಕಮ್ಯೂನಿಟಿ ಕಾಲೇಜಿನ ಕ್ಲಾಸು ಮಾಡಿ, ಓಶಾ 10 ಅನ್ನುವ ಸುರಕ್ಷತಾ ತರಬೇತಿ ಮುಗಿಸಿ ಹೋಗುವುದು ಜಾಣತನ. ಓದುತ್ತಾ ವಾರಾಂತ್ಯದಲ್ಲಿ ಕರೆಗೆ ಹೋಗುವವರೂ ಇದ್ದಾರೆ. ಎರಡನ್ನೂ ಹೊಂದಿಸಬಹುದು.

ವೀಸಾದ ಲೆಕ್ಕ

ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರು ಈ ಭಾಗ ಬಿಟ್ಟು ಮುಂದೆ ಹೋಗಿ. ಫೆಡರಲ್ ಸಹಾಯಧನ, ಸಂಬಳದ ಕೆಲಸ ಎರಡೂ ನಿಮಗೆ ತೆರೆದಿವೆ.

ಎಚ್‌-4ರಲ್ಲಿರುವ (ಎಚ್-1 ಕೆಲಸದ ವೀಸಾದವರ ಕುಟುಂಬದ ವೀಸಾ) ಮಕ್ಕಳು ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಅಂದರೆ ಓವರ್‌ಹೈರ್ ದಾರಿ ಮುಚ್ಚಿದೆ. ಕಾಲೇಜಿನ ಥಿಯೇಟರ್‌ನಲ್ಲಿ ಸಂಬಳದ ಕೆಲಸವೂ ಇಲ್ಲ. ಯೂನಿಟ್‌ಗಾಗಿ ನಾಟಕದಲ್ಲಿ ಕೆಲಸ ಮಾಡುವುದು ಓದಿನ ಭಾಗ, ಅದಕ್ಕೆ ತೊಂದರೆ ಇಲ್ಲ. ಫೆಡರಲ್ ಸಹಾಯಧನವೂ ಸಿಗದು. ಹಾಗಾಗಿ ಕಡಿಮೆ ಫೀಸು, ಯೂನಿಟ್ ಲೆಕ್ಕದಲ್ಲೇ ಪೂರ್ತಿ ಅನುಭವ ಕೊಡುವ ಕಮ್ಯೂನಿಟಿ ಕಾಲೇಜು ಇವರಿಗೆ ಉಳಿದವರಿಗಿಂತ ಜಾಸ್ತಿ ಹೊಂದುತ್ತದೆ. ಇಪ್ಪತ್ತೊಂದು ತುಂಬಿದ ದಿನ ಎಚ್‌-4 ಮುಗಿಯುತ್ತದೆ ಅನ್ನುವುದು ಮಾತ್ರ ತಲೆಯಲ್ಲಿರಲಿ. ಆಮೇಲೆ ಎಫ್‌-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಸಾಮಾನ್ಯವಾಗಿ ಹೊರಗಿನವರ ಫೀಸು ಶುರು, ಅದು ಹಲವು ಪಟ್ಟು. ಹದಿನೆಂಟಕ್ಕೆ ಸೇರಿ ಎರಡೂವರೆ ವರ್ಷದಲ್ಲಿ ಮುಗಿಸುವುದು ಒಳ್ಳೆಯದು. ಕಾಗದಪತ್ರದ ವಿಷಯಕ್ಕೆ ನನ್ನ ಮಾತಿಗಿಂತ ವಕೀಲರ ಮಾತು ಕೇಳಿ.

ಕರ್ನಾಟಕದಿಂದಲೇ ಎಫ್‌-1ರಲ್ಲಿ ಬರುತ್ತೇನೆ ಅನ್ನುವವರಿಗೆ ನೇರವಾಗಿ ಹೇಳುತ್ತೇನೆ: ಇದಕ್ಕಾಗಿ ಮೊದಲ ಡಿಗ್ರಿಗೇ ಬರಬೇಡಿ. ಮುಗಿದ ಮೇಲೆ ಸಿಗುವ ಕೆಲಸದ ಅವಕಾಶ ಒಂದು ವರ್ಷ. ಈ ವಿಷಯ ಸಾಮಾನ್ಯವಾಗಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಬರುವುದಿಲ್ಲ, ಆದ್ದರಿಂದ ಇಂಜಿನಿಯರ್‌ಗಳ ಹಾಗೆ ಇನ್ನೆರಡು ವರ್ಷ ಸಿಗುವುದಿಲ್ಲ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಒಂದು ಶೈಕ್ಷಣಿಕ ವರ್ಷದಲ್ಲಿ ನಟನೆಯ ಜೊತೆ ಬೆಳಕು, ರಂಗಸಜ್ಜಿಕೆ, ಪ್ರಸಾಧನ ಎಲ್ಲಕ್ಕೂ ಕೈ ಹಾಕಿಸುತ್ತಾರೆ, ಕನ್ನಡದಲ್ಲೇ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷ ಓದಿ ವಿನ್ಯಾಸದ ಕಡೆ ಹೋಗಬಹುದು. ಅಲ್ಲಿಂದ ಒಂದು ಒಳ್ಳೇ ಪೋರ್ಟ್‌ಫೋಲಿಯೋ ಹಿಡಿದುಕೊಂಡು ಇಲ್ಲಿಯ ಎಂಎಫ್‌ಎಗೆ ಅರ್ಜಿ ಹಾಕಿದರೆ ವಿದ್ಯಾರ್ಥಿವೇತನ ಸಿಗುವ ಸಂಭವವೂ ಜಾಸ್ತಿ.

ಹಾಗಾದರೆ ಯಾರಿಗೆ ಯಾವುದು

ಮಗುವಿಗೆ ಲೈಟಾ, ಸೆಟ್ಟಾ, ಅಥವಾ ಇದೇನಾ ಅನ್ನುವುದೇ ಗೊತ್ತಿಲ್ಲ ಅಂದರೆ ಹತ್ತಿರದ ಕಮ್ಯೂನಿಟಿ ಕಾಲೇಜು, ಎರಡನೇ ಯೋಚನೆ ಬೇಡ. ಒಂದು ವರ್ಷದ ಮೇಲೆ ಮನಸ್ಸು ಬದಲಾದರೂ ಕಳೆದುಕೊಳ್ಳುವುದು ಒಂದು ಫೋನಿನ ಬೆಲೆ. ಕಟ್ಟುವ, ನಡೆಸುವ ಕೆಲಸವೇ ಇಷ್ಟ, ಬೇಗ ದುಡಿಯಬೇಕು ಅಂದರೆ ಅಲ್ಲಿಂದ ಯೂನಿಯನ್ ಕಡೆಗೆ. ಹದಿನೆಂಟಕ್ಕೇ ಖಾತ್ರಿ ಇದೆ, ಮನೆ ಬಿಟ್ಟು ಇರಲು ಸಿದ್ಧ ಅಂದರೆ ಸಾಂಟಾ ಮರಿಯಾ. ಡಿಸೈನರ್ರೇ ಆಗಬೇಕು, ಹೈಸ್ಕೂಲಿನಲ್ಲೇ ಹತ್ತಾರು ನಾಟಕ ಮಾಡಿದ ಪೋರ್ಟ್‌ಫೋಲಿಯೋ ಇದೆ, ಮತ್ತು ಶಾಲೆ ದೊಡ್ಡ ಸ್ಕಾಲರ್‌ಶಿಪ್ ಕೊಡುತ್ತಿದೆ ಅಂದರೆ ಬಿಎಫ್‌ಎ. ಆ ಮೂರರಲ್ಲಿ ಸ್ಕಾಲರ್‌ಶಿಪ್ ಒಂದು ಇಲ್ಲದಿದ್ದರೆ ನಾನು ಸಾಲ ಮಾಡಿ ಕಳಿಸುವುದಿಲ್ಲ. ಈ ಕಸುಬಿನ ಶುರುವಿನ ಸಂಪಾದನೆಯಲ್ಲಿ ಎರಡು ಲಕ್ಷ ಡಾಲರ್ ಸಾಲ ತೀರುವುದಿಲ್ಲ.

ಸೇರುವ ಮೊದಲು ಕಾಲೇಜಿನ ಒಂದು ನಾಟಕಕ್ಕೆ ಟಿಕೆಟ್ ಕೊಂಡು ಹೋಗಿ. ಮುಗಿದ ಮೇಲೆ ಷಾಪ್ (ಸೆಟ್ ಕಟ್ಟುವ ಕಾರ್ಯಾಗಾರ) ತೋರಿಸಿ ಅಂತ ಕೇಳಿ. ನೆಲ ಗುಡಿಸಿದೆಯಾ, ಗರಗಸಕ್ಕೆ ರಕ್ಷಣೆಯ ಮುಚ್ಚಳ ಇದೆಯಾ, ಕೇಬಲ್‌ಗಳು ಅಳತೆಯ ಪ್ರಕಾರ ನೇತುಹಾಕಿವೆಯಾ ನೋಡಿ. ಷಾಪ್ ಗಲೀಜಾಗಿದ್ದರೆ ಅಲ್ಲಿಂದ ಹಾಗೇ ಮನೆಗೆ ಬನ್ನಿ.

ಗೆಳೆಯನ ಮಗಳು ಕಮ್ಯೂನಿಟಿ ಕಾಲೇಜಿಗೆ ಸೇರಿ ಎರಡು ಟರ್ಮ್ ಆಯಿತು. ದೀಪಾವಳಿ ನಾಟಕಕ್ಕೆ ನನ್ನ ಜೊತೆ ಬೆಳಕು ಮಾಡಲು ಬಂದಳು. ಬಂದವಳೇ ಚೀಲದಿಂದ ದಾರ ಕಟ್ಟಿದ ಸ್ಪ್ಯಾನರ್ ತೆಗೆದು, "ಅಂಕಲ್, ಲೈಟ್ ಪ್ಲಾಟ್ ಎಲ್ಲಿ?" ಅಂದಳು. ಯಾವ ಲೈಟ್ ಎಲ್ಲಿ ಅಂತ ತೋರಿಸುವ ನಕ್ಷೆ ಅಂತ ನನ್ನ ಹತ್ತಿರ ಇದ್ದದ್ದು ಲಕೋಟೆಯ ಹಿಂಬದಿಯಲ್ಲಿ ಗೀಚಿದ ಒಂದು ಚಿತ್ರ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಮಾತಾಡದೆ ಹೊಸದೊಂದು ಬರೆಯಲು ಕೂತಳು.